ಉಬ್ರಾಣಿಯ ಅಡಿಕೆ ಯಂತ್ರ, ನಮ್ಮ ಮೂರು ನಿಮಿಷದ ಸ್ಟೋರಿ

ದಿನಾ ಇಲ್ಲಿ ಕೂತು ಬೇರೆಯವರ ತಪ್ಪು ಹೇಳ್ತೀನಿ. ಇವತ್ತು ನಮ್ಮ ತಪ್ಪು ಹೇಳ್ತೀನಿ, ಕೇಳಿ.

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ. ಭದ್ರಾ ನೀರೆತ್ತಿ ಕೆರೆ ತುಂಬಿಸುವ ಉಬ್ರಾಣಿ-ಅಮೃತಾಪುರ ಏತ ನೀರಾವರಿ ಯೋಜನೆಯಿಂದಾಗಿ ಈ ಹೆಸರನ್ನು ನೀವು ಸುದ್ದಿಯಲ್ಲಿ ಕೇಳಿರ್ತೀರಿ. ಆ ಕಡೆಯದು ಅಡಿಕೆ ಸೀಮೆ. ಕೊಯ್ಲು ಶುರುವಾಯ್ತು ಅಂದ್ರೆ ಸುಲಿಯೋಕೆ ಆಳು ಸಿಗಲ್ಲ. ಯಂತ್ರಗಳಿವೆ, ಆದರೆ ಗೊನೆಯಲ್ಲಿ ಸಣ್ಣ ಕಾಯಿ, ದಪ್ಪ ಕಾಯಿ ಎರಡೂ ಇರುತ್ತವೆ. ದಪ್ಪದ್ದಕ್ಕೆ ಬ್ಲೇಡು ಹೊಂದಿಸಿದರೆ ಸಣ್ಣದು ಸಿಪ್ಪೆ ಸಮೇತ ಹೊರಗೆ ಬೀಳುತ್ತೆ. ಸಣ್ಣದಕ್ಕೆ ಹೊಂದಿಸಿದರೆ ದಪ್ಪದ್ದಕ್ಕೆ ಗಾಯ ಆಗುತ್ತೆ. ಗಾಯ ಆದ ಅಡಿಕೆಗೆ ಮಂಡಿಯಲ್ಲಿ ರೇಟ್ ಬೀಳುತ್ತೆ.

ಆ ಭಾಗದ ಒಬ್ಬರು, ಲೇತ್ ಅಂಗಡಿ ಇಟ್ಟುಕೊಂಡವರು, ಇದಕ್ಕೊಂದು ಉಪಾಯ ಹುಡುಕಿದ್ದರು. ಕಾಯಿ ಎಷ್ಟೇ ದಪ್ಪ ಇರಲಿ, ಬ್ಲೇಡು ತಾನೇ ಹಿಂದೆ ಮುಂದೆ ಸರಿಯುವ ಹಾಗೆ. ನಮ್ಮ ಚಾನೆಲ್ಲಿನವರು ಹೋದರು, ಶೂಟ್ ಮಾಡಿದರು. ‘ಹಳ್ಳಿ ವಿಜ್ಞಾನಿಯ ಅದ್ಭುತ ಯಂತ್ರ’ ಅಂತ ಮೂರು ನಿಮಿಷ ಪ್ರಸಾರ ಮಾಡಿದೆವು. ಆಂಕರ್ ನಾನೇ. ‘ಮುಚ್ಚಳ ತೆಗೆದು ಒಳಗೆ ಏನಿದೆ ತೋರಿಸಿ’ ಅಂತ ವಿಡಿಯೋ ಕಾಲ್‌ನಲ್ಲಿ ಕೇಳಿದವನೂ ನಾನೇ. ಓದಿದ್ದು ಎಂಜಿನಿಯರಿಂಗ್ ಅಲ್ವಾ, ಕುತೂಹಲ. ಅವರು ಖುಷಿಯಿಂದ ಒಂದೊಂದೇ ಭಾಗ ಬಿಚ್ಚಿ ತೋರಿಸಿದರು.

ಕೆಲವು ತಿಂಗಳ ನಂತರ ಅವರದೇ ಫೋನ್. ‘ಸಾರ್, ಪೇಟೆಂಟ್ ಮಾಡಿಸೋಣ ಅಂತ ಹೋಗಿದ್ದೆ. ಎಲ್ಲಾದ್ರೂ ತೋರಿಸಿದ್ದೀರಾ ಅಂತ ಕೇಳಿದ್ರು. ಹೆಮ್ಮೆಯಿಂದ ನಿಮ್ಮ ವಿಡಿಯೋನೇ ತೋರಿಸಿದೆ. ನೋಡಿ, ಇನ್ನು ಕಷ್ಟ ಅಂದ್ಬಿಟ್ರು ಸಾರ್.’

‘ಯಾಕಣ್ಣಾ?’ ಅಂದೆ. ಕೇಳಿ ಮುಗಿಸೋ ಹೊತ್ತಿಗೆ ನನಗೇ ಉತ್ತರ ಗೊತ್ತಾಗಿತ್ತು.

ಅಸಲಿಗೆ ಪೇಟೆಂಟ್ ಅಂದ್ರೇನು? ಬುದ್ಧಿವಂತರಿಗೆ ಸರ್ಕಾರ ಹೊದಿಸುವ ಶಾಲು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದೊಂದು ವ್ಯವಹಾರ ಸ್ವಾಮಿ. ಸರ್ಕಾರ ಹೇಳೋದು ಇಷ್ಟೇ: ‘ನಿನ್ನ ಗುಟ್ಟು ಪೂರ್ತಿ ಬರೆದುಕೊಡು, ಆ ಕಸುಬು ಬಲ್ಲ ಇನ್ನೊಬ್ಬ ಓದಿ ಮಾಡುವ ಹಾಗೆ ಬರೆದುಕೊಡು. ಬದಲಿಗೆ ಅರ್ಜಿ ಹಾಕಿದ ದಿನದಿಂದ 20 ವರ್ಷ, ನಿನ್ನ ಅನುಮತಿ ಇಲ್ಲದೆ ಯಾರೂ ಅದನ್ನು ಮಾಡಿ ಮಾರದ ಹಾಗೆ ತಡೆಯೋ ಹಕ್ಕು ಕೊಡ್ತೀನಿ. 20 ವರ್ಷ ಆದಮೇಲೆ ಅದು ಊರಿನ ಆಸ್ತಿ.’

ಈಗ ಯೋಚನೆ ಮಾಡಿ. ಗುಟ್ಟನ್ನು ಆಗಲೇ ಟಿವಿಯಲ್ಲಿ ಊರಿಗೆಲ್ಲ ಹೇಳಿ ಆಗಿದ್ದರೆ, ಸರ್ಕಾರಕ್ಕೆ ಕೊಡೋಕೆ ನಿಮ್ಮ ಹತ್ತಿರ ಉಳಿದಿದ್ದೇನು?

ನಮ್ಮಲ್ಲಿ ಇದಕ್ಕಿರೋದು 1970ರ ಪೇಟೆಂಟ್ ಕಾಯಿದೆ. ಮೂರು ಪರೀಕ್ಷೆ ಪಾಸಾಗಬೇಕು. ಒಂದು, ಹೊಸದಾಗಿರಬೇಕು, ಪ್ರಪಂಚದ ಯಾವ ಮೂಲೆಯಲ್ಲೂ ಮೊದಲೇ ಪ್ರಕಟ ಆಗಿರಬಾರದು, ಬಳಕೆಯಲ್ಲಿ ಇರಬಾರದು. ಎರಡು, ಆ ಕಸುಬಿನವರಿಗೆ ಸಲೀಸಾಗಿ ಹೊಳೆಯುವಂಥದ್ದಾಗಿರಬಾರದು. ಕೈಯಲ್ಲಿ ತಿರುಗಿಸೋ ಯಂತ್ರಕ್ಕೆ ಮೋಟಾರ್ ಕೂರಿಸಿದರೆ ಸಾಲದು. ಮೂರು, ತಯಾರಿಕೆಗೆ, ಉದ್ಯಮಕ್ಕೆ ಬರುವಂಥದ್ದಾಗಿರಬೇಕು. ಉಬ್ರಾಣಿ ಯಂತ್ರ ಎರಡು ಮತ್ತು ಮೂರನ್ನು ದಾಟುವ ಹಾಗಿತ್ತು. ಮೊದಲನೇದನ್ನು ಕೆಡಿಸಿದ್ದು ನಾವು.

‘ಅವರೇ ತೋರಿಸಿದ್ದಲ್ವಾ, ಅವರದೇ ಯಂತ್ರ ಅಲ್ವಾ?’ ಅಂತ ಕೇಳ್ತೀರಿ. ಕಾನೂನು ಅದನ್ನು ನೋಡಲ್ಲ. ಅಮೆರಿಕದಲ್ಲಿ ಸಂಶೋಧಕ ತಾನೇ ಬಹಿರಂಗ ಮಾಡಿದ್ದರೂ ಅರ್ಜಿ ಹಾಕೋಕೆ ಒಂದು ವರ್ಷದ ಅವಕಾಶ ಇದೆ. ನಮ್ಮಲ್ಲಿ ಅಷ್ಟು ಧಾರಾಳ ಇಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಸ್ತುಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ, ಹೀಗೆ ಕೆಲವಕ್ಕೆ ಮಾತ್ರ 12 ತಿಂಗಳ ರಿಯಾಯಿತಿ. ನ್ಯೂಸ್ ಚಾನೆಲ್ ಆ ಪಟ್ಟಿಯಲ್ಲಿ ಇಲ್ಲ.

ಈ ನಿಯಮಕ್ಕೆ ಸಿಕ್ಕಿಕೊಂಡವರಲ್ಲಿ ದೊಡ್ಡ ದೊಡ್ಡವರೂ ಇದ್ದಾರೆ. ಸೈಕಲ್ ಟೈರ್ ಕಥೆ ಕೇಳಿ. ಬೆಲ್‌ಫಾಸ್ಟ್‌ನಲ್ಲಿ ಜಾನ್ ಡನ್‌ಲಪ್ ಅಂತ ಒಬ್ಬ ಪಶುವೈದ್ಯ. ಮಗನ ಮೂರು ಚಕ್ರದ ಸೈಕಲ್ ಕಲ್ಲು ರಸ್ತೆಯಲ್ಲಿ ಕುಲುಕುತ್ತೆ ಅಂತ ರಬ್ಬರ್ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದ. 1888ರಲ್ಲಿ ಪೇಟೆಂಟೂ ಸಿಕ್ತು. ಕಂಪನಿ ಶುರುವಾಯ್ತು. ಸ್ವಲ್ಪ ಸಮಯದಲ್ಲೇ ಗೊತ್ತಾಯ್ತು, ರಾಬರ್ಟ್ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು 1845ರಲ್ಲೇ ಗಾಳಿ ಟೈರಿಗೆ ಪೇಟೆಂಟ್ ಪಡೆದಿದ್ದ. ಆಗ ಸೈಕಲ್ಲುಗಳ ಕಾಲ ಬಂದಿರಲಿಲ್ಲ, ಆ ಟೈರನ್ನು ಕೇಳುವವರಿರಲಿಲ್ಲ, ಜನ ಮರೆತಿದ್ದರು. ಮರೆತಿದ್ದರೇನು, ಕಾಗದದಲ್ಲಿ ಇತ್ತಲ್ಲ! ಡನ್‌ಲಪ್ ಪೇಟೆಂಟ್ ಬಿದ್ದುಹೋಯ್ತು. ಡನ್‌ಲಪ್ ನಕಲು ಮಾಡಿರಲಿಲ್ಲ, ಥಾಮ್ಸನ್ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಆದರೂ ಅಷ್ಟೇ.

ಇದು ಅನ್ಯಾಯ ಅನ್ನಿಸುತ್ತಾ? ತಾಳಿ. ಇದೇ ನಿಯಮ ನಮ್ಮ ಅಡುಗೆಮನೆಯ ಅರಿಶಿನವನ್ನು ಉಳಿಸಿದೆ.

ಗಾಯಕ್ಕೆ ಅರಿಶಿನ ಹಚ್ಚೋದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1995ರಲ್ಲಿ ಅಮೆರಿಕ ಅದಕ್ಕೇ ಪೇಟೆಂಟ್ ಕೊಟ್ಟುಬಿಡ್ತು, ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ. ನಮ್ಮ ಸಿಎಸ್‌ಐಆರ್ ಅದನ್ನು ಪ್ರಶ್ನೆ ಮಾಡಿತು. ‘ನಮ್ಮವರಿಗೆ ಮೊದಲೇ ಗೊತ್ತಿತ್ತು’ ಅಂತ ಬಾಯಲ್ಲಿ ಹೇಳಿದರೆ ಆಗಲ್ಲ, ಬರವಣಿಗೆಯ ಸಾಕ್ಷಿ ಬೇಕು. ಹಳೆಯ ಸಂಸ್ಕೃತ ಗ್ರಂಥಗಳು, 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನ, ಇಂಥವನ್ನು ಮುಂದಿಟ್ಟರು. 1997ರಲ್ಲಿ ಆ ಪೇಟೆಂಟ್ ರದ್ದಾಯ್ತು. ಒಮ್ಮೆ ಜಗತ್ತಿಗೆ ತಿಳಿದದ್ದನ್ನು ಯಾರೂ ವಾಪಸ್ ತಗೊಂಡು ‘ಇದು ನನ್ನದು’ ಅನ್ನೋ ಹಾಗಿಲ್ಲ. ಮಿಸಿಸಿಪ್ಪಿಯವರೂ ಅನ್ನೋ ಹಾಗಿಲ್ಲ, ಉಬ್ರಾಣಿಯವರೂ ಅನ್ನೋ ಹಾಗಿಲ್ಲ. ಕತ್ತಿ ಒಂದೇ, ಎರಡೂ ಕಡೆ ಅಲಗು.

ಔಷಧಿಯ ವಿಷಯಕ್ಕೆ ಬಂದರೆ ಇದು ಜೀವದ ಪ್ರಶ್ನೆ. ರಕ್ತದ ಕ್ಯಾನ್ಸರಿಗೆ ಗ್ಲಿವೆಕ್ ಅಂತ ಮಾತ್ರೆ. 2013ರ ಹೊತ್ತಿಗೆ ನೊವಾರ್ಟಿಸ್ ಕಂಪನಿಯದ್ದು ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು, ನಮ್ಮ ಕಂಪನಿಗಳದ್ದು ಸುಮಾರು 8 ಸಾವಿರ ಇತ್ತು. ಗೊತ್ತಿದ್ದ ಔಷಧಿಯ ರೂಪ ಸ್ವಲ್ಪ ಬದಲಿಸಿ ಹೊಸ ಪೇಟೆಂಟ್ ಕೇಳಿದ್ದರು. ನಮ್ಮ ಕಾಯಿದೆಯ 3(ಡಿ) ಸೆಕ್ಷನ್ ಹೇಳುತ್ತೆ, ರೂಪ ಬದಲಾದರೆ ಸಾಲದು, ಗುಣವೂ ಹೆಚ್ಚಬೇಕು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಪೇಟೆಂಟ್ ಇಲ್ಲ ಅಂತು. ‘ಹೊಸದು’ ಅನ್ನೋ ಒಂದು ಪದದ ಅರ್ಥದ ಮೇಲೆ ಎಷ್ಟು ಮನೆಗಳ ದೀಪ ನಿಂತಿತ್ತು ನೋಡಿ.

ಹಾಗಂತ ಪೇಟೆಂಟ್ ಪಡೆದವರೆಲ್ಲ ದುಡ್ಡಿನ ಹಿಂದೆ ಬಿದ್ದವರು ಅಂದುಕೊಳ್ಳಬೇಡಿ. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಜೊತೆಗಾರರು 1923ರಲ್ಲಿ ತಮ್ಮ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರ್‌ಗೆ ಕೊಟ್ಟರು. ಟೀ ಅಂಗಡಿಯಲ್ಲಿ ದುಡ್ಡು ಕೊಡೋಕೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡ್ತೀರಲ್ಲ, ಅದು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಹುಟ್ಟಿದ್ದು. ಪೇಟೆಂಟ್ ಇಟ್ಟುಕೊಂಡರು, ಆದರೆ ಎಲ್ಲರೂ ಬಳಸಲಿ ಅಂತ ಬಿಟ್ಟರು. ಅದಕ್ಕೇ ಇವತ್ತು ತರಕಾರಿ ಗಾಡಿ ಮೇಲೂ ಅದು ನೇತಾಡ್ತಿದೆ. ದಾನ ಮಾಡಬೇಕಾದರೂ ಮೊದಲು ಅದು ನಿಮ್ಮದಾಗಿರಬೇಕು. ಉಬ್ರಾಣಿಯವರಿಗೆ ಕೊಡುವ ಅವಕಾಶವೂ ಉಳಿಯಲಿಲ್ಲ, ಇಟ್ಟುಕೊಳ್ಳುವ ಅವಕಾಶವೂ ಉಳಿಯಲಿಲ್ಲ.

ನಮ್ಮವರಲ್ಲಿ ಈ ತಿಳಿವಳಿಕೆ ಮೊದಲಿಂದ ಇರಲಿಲ್ಲ ಅಂತಲೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯ ಜಲಾಶಯಕ್ಕೆ ಸ್ವಯಂಚಾಲಿತ ಗೇಟ್ ವಿನ್ಯಾಸ ಮಾಡಿ ಪೇಟೆಂಟ್ ಪಡೆದಿದ್ದರು. ನೀರು ಒಂದು ಮಟ್ಟ ಮೀರಿದರೆ ಗೇಟ್ ತಾನೇ ತೆರೆಯಬೇಕು, ಇಳಿದರೆ ತಾನೇ ಮುಚ್ಚಬೇಕು. ಅಣೆಕಟ್ಟು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವ ಉಪಾಯ. 1903ರಲ್ಲಿ ಪುಣೆ ಹತ್ತಿರದ ಖಡಕ್ವಾಸ್ಲಾದಲ್ಲಿ ಅಳವಡಿಸಿದರು, ಆಮೇಲೆ ನಮ್ಮ ಕೆಆರ್‌ಎಸ್‌ಗೂ ಬಂತು. ವಿಶ್ವೇಶ್ವರಯ್ಯನವರ ಹೆಸರಲ್ಲಿ ಪ್ರತಿವರ್ಷ ಎಂಜಿನಿಯರುಗಳ ದಿನ ಮಾಡ್ತೀವಿ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಪೇಟೆಂಟ್ ಅರ್ಜಿ ಹೇಗಿರುತ್ತೆ ಅಂತ ಯಾರೂ ಒಂದು ದಿನವೂ ತೋರಿಸಲಿಲ್ಲ.

ಇನ್ನು ನಮ್ಮ ಟಿವಿಯವರು ಬಾಯಿಗೆ ಬಂದ ಹಾಗೆ ಹೇಳುವ ಕೆಲವು ಮಾತು ಸರಿ ಮಾಡಿಕೊಳ್ಳೋಣ.

‘ವಿಶ್ವ ಪೇಟೆಂಟ್ ಸಿಕ್ತು’ ಅಂತೀವಿ. ಅಂಥದ್ದೊಂದು ಇಲ್ಲವೇ ಇಲ್ಲ. ಪೇಟೆಂಟ್ ಆಯಾ ದೇಶದ್ದು. ಭಾರತದ ಪೇಟೆಂಟ್ ಭಾರತದೊಳಗೆ ಮಾತ್ರ.

ಅರ್ಜಿ ಹಾಕಿದ ಕೂಡಲೇ ‘ಪೇಟೆಂಟ್ ಪಡೆದ ಯುವಕ’ ಅಂತೀವಿ. ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟ ಆಗುತ್ತೆ, ಪರೀಕ್ಷೆ ಆಗುತ್ತೆ, ಆಕ್ಷೇಪ ಬರುತ್ತೆ, ಉತ್ತರ ಕೊಡಬೇಕು. ಆಮೇಲೆ ಸಿಕ್ಕರೆ ಸಿಕ್ತು. ಮದುವೆ ಮಾತುಕತೆ ನಡೆದ ದಿನವೇ ನಾಮಕರಣದ ಊಟ ಹಾಕಿಸಿದ ಹಾಗಾಯ್ತು ನಮ್ಮ ಸುದ್ದಿ.

‘ಡಿಸೈನ್ ಪೇಟೆಂಟ್’ ಅಂತೀವಿ. ನಮ್ಮಲ್ಲಿ ಡಿಸೈನ್ ನೋಂದಣಿ ಬೇರೆ, ಅದಕ್ಕೆ 2000ದ ಕಾಯಿದೆ. ಅದು ಕಾಪಾಡೋದು ವಸ್ತುವಿನ ಹೊರಗಿನ ರೂಪವನ್ನು ಮಾತ್ರ, ಒಳಗಿನ ಕೆಲಸವನ್ನಲ್ಲ.

ಬೇಸಾಯದ ಪದ್ಧತಿಗೆ ಪೇಟೆಂಟ್ ಸಿಗಲ್ಲ. ಬರೀ ಕಂಪ್ಯೂಟರ್ ಪ್ರೋಗ್ರಾಂಗೂ ಸಿಗಲ್ಲ. ಹೊಸ ತಳಿ ಬೆಳೆಸಿದ್ದರೆ ಅದಕ್ಕೆ ಬೇರೆ ಕಾಯಿದೆ ಇದೆ, 2001ರದ್ದು, ಸಸ್ಯ ತಳಿ ಮತ್ತು ರೈತರ ಹಕ್ಕುಗಳ ರಕ್ಷಣೆಗೆ ಅಂತಲೇ ಮಾಡಿದ್ದು.

ಹಾಗಾದರೆ ಒಬ್ಬ ರೈತ, ಒಬ್ಬ ಮೆಕ್ಯಾನಿಕ್, ಒಬ್ಬ ವಿದ್ಯಾರ್ಥಿ ಏನು ಮಾಡಬೇಕು? ಮೊದಲ ಕೆಲಸ, ಬಾಯಿ ಮುಚ್ಚಿಕೊಂಡಿರೋದು. ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಕೃಷಿ ಮೇಳದ ಮಳಿಗೆಯಲ್ಲಿ ಬಿಚ್ಚಿ ತೋರಿಸಬೇಡಿ, ಮಾರಾಟ ಶುರು ಮಾಡಬೇಡಿ. ಎರಡನೇದು, ತಾತ್ಕಾಲಿಕ ಅರ್ಜಿ ಹಾಕೋದು. ಯಂತ್ರ ಪೂರ್ತಿ ಸಿದ್ಧ ಆಗಿರಬೇಕಿಲ್ಲ, ಆದರೆ ಉಪಾಯದ ತಿರುಳು ಅದರಲ್ಲಿ ಬಂದಿರಬೇಕು. ಆ ದಿನಾಂಕ ನಿಮ್ಮದಾಗುತ್ತೆ. ಪೂರ್ಣ ವಿವರ ಕೊಡೋಕೆ 12 ತಿಂಗಳು ಸಮಯ. ಆನ್‌ಲೈನ್‌ನಲ್ಲಿ ಹಾಕಿದರೆ ಒಬ್ಬ ವ್ಯಕ್ತಿಗೆ ಅರ್ಜಿಯ ಶುಲ್ಕ 1,600 ರೂಪಾಯಿ. ಪರೀಕ್ಷೆ ಮಾಡಿ ಅಂತ ಕೇಳೋಕೆ ಬೇರೆ 4,000. ಕರ್ನಾಟಕದ ಅರ್ಜಿ ಹೋಗೋದು ಚೆನ್ನೈ ಪೇಟೆಂಟ್ ಕಚೇರಿಗೆ. ಏಜೆಂಟರ ಫೀಸು ಬೇರೆ, ಅದು ಇದಕ್ಕಿಂತ ಜಾಸ್ತಿನೇ ಆಗುತ್ತೆ. ಯಾಕಂದ್ರೆ ಹಕ್ಕು ಎಲ್ಲಿಂದ ಎಲ್ಲಿವರೆಗೆ ಅಂತ ಬರೆಯೋದು ಜಮೀನಿನ ಚಕ್ಕುಬಂದಿ ಬರೆದ ಹಾಗೆ. ಒಂದು ಗೆರೆ ತಪ್ಪಿದರೆ ಪಕ್ಕದವನು ಬೇಲಿ ಹಾಕ್ತಾನೆ.

ಸಿಕ್ಕಮೇಲೂ ಮುಗಿಯಲ್ಲ. ನಕಲು ಮಾಡಿದವನನ್ನು ಪೇಟೆಂಟ್ ಕಚೇರಿ ಹಿಡಿದುಕೊಡಲ್ಲ, ನೀವೇ ಕೋರ್ಟಿಗೆ ಹೋಗಬೇಕು. ವರ್ಷ ವರ್ಷ ನವೀಕರಣ ಶುಲ್ಕ ಕಟ್ಟಬೇಕು. ಆದ್ದರಿಂದ ಎಲ್ಲರೂ ಪೇಟೆಂಟ್ ಮಾಡಿಸಲೇಬೇಕು ಅಂತ ನಾನು ಹೇಳ್ತಿಲ್ಲ. ಬೇಕೋ ಬೇಡವೋ ಅನ್ನೋದನ್ನು ಯಂತ್ರ ಮಾಡಿದವರು ತೀರ್ಮಾನ ಮಾಡಬೇಕು. ಮೂರು ನಿಮಿಷದ ಸ್ಟೋರಿಗಾಗಿ ಓಡಿಬಂದ ನಾವಲ್ಲ.

ಈಗ ಮತ್ತೆ ಉಬ್ರಾಣಿಗೆ ಬರೋಣ. ಆ ಫೋನಿನ ನಂತರ ನಾನು ಪೇಟೆಂಟ್ ಕೆಲಸ ಬಲ್ಲವರೊಬ್ಬರ ಹತ್ತಿರ ಕೂತು ಆ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬ್ಲೇಡು ಸರಿಯುವ ವ್ಯವಸ್ಥೆ ಪೂರ್ತಿ ಕಾಣುತ್ತೆ, ಅದು ಹೋಯ್ತು. ಸಮಾಧಾನ ಏನಂದ್ರೆ, ಇನ್ನು ಬೇರೆ ಯಾವ ಕಂಪನಿಯವರೂ ಅದರ ಮೇಲೆ ಪೇಟೆಂಟ್ ತಗೊಂಡು ‘ನೀನು ಮಾಡಬೇಡ’ ಅಂತ ಅವರನ್ನು ಹೆದರಿಸೋಕೆ ಆಗಲ್ಲ. ಅರಿಶಿನಕ್ಕೆ ಆ ಹಳೆಯ ಗ್ರಂಥ ಹೇಗೋ, ಇವರಿಗೆ ನಮ್ಮ ವಿಡಿಯೋ ಹಾಗೆ.

ಇನ್ನೊಂದು ವಿಷಯ. ಪ್ರಸಾರ ಆದಮೇಲೆ ಅವರು ಸುಮ್ಮನೆ ಕೂತಿರಲಿಲ್ಲ. ಹಸಿ ಸಿಪ್ಪೆಯ ನಾರು ಬ್ಲೇಡಿಗೆ ಸುತ್ತಿಕೊಂಡು ಯಂತ್ರ ನಿಲ್ಲುತ್ತಿತ್ತಂತೆ. ಅದಕ್ಕೆ ಬೇರೆ ಏನೋ ಮಾಡಿದ್ದಾರೆ. ‘ಏನಣ್ಣಾ ಅದು?’ ಅಂತ ಬಾಯಿ ತುದಿಗೆ ಬಂತು. ಕೇಳಲಿಲ್ಲ. ‘ಯಾರಿಗಾದ್ರೂ ತೋರಿಸಿದ್ದೀರಾ?’ ಅಂದೆ. ‘ಇಲ್ಲ ಸಾರ್, ಈ ಸಲ ಮುಚ್ಚಳಕ್ಕೆ ಬೀಗ ಹಾಕಿದ್ದೀನಿ’ ಅಂದರು. ಆ ಹೊಸ ಭಾಗಕ್ಕೆ ತಾತ್ಕಾಲಿಕ ಅರ್ಜಿ ಹೋಗಿದೆ. ಮೊದಲಿನ ಯಂತ್ರ ನೋಡಿದ ಯಾವ ಮೆಕ್ಯಾನಿಕ್‌ಗಾದರೂ ಇದು ಹೊಳೆಯುತ್ತಿತ್ತು ಅಂತ ಪರೀಕ್ಷಕರು ಹೇಳಿದರೆ ಸಿಗಲಿಕ್ಕಿಲ್ಲ. ಹೇಳದಿದ್ದರೆ ಸಿಗಬಹುದು.

ನಮ್ಮ ಡೆಸ್ಕಿನಲ್ಲೂ ಒಂದು ನಿಯಮ ಮಾಡಿಕೊಂಡಿದ್ದೀವಿ. ‘ಹಳ್ಳಿ ವಿಜ್ಞಾನಿ’ ಅಂತ ಯಾರ ಮನೆಗೆ ಹೋದರೂ ಕ್ಯಾಮೆರಾ ಆನ್ ಮಾಡೋ ಮುಂಚೆ ಒಂದು ಪ್ರಶ್ನೆ ಕೇಳಬೇಕು: ‘ಅರ್ಜಿ ಹಾಕಿದ್ದೀರಾ?’ ಇಲ್ಲ ಅಂದರೆ, ಹಾಕುವ ಯೋಚನೆ ಇದ್ದರೆ, ಮುಚ್ಚಳ ತೆಗೆಸಬಾರದು. ಸ್ಟೋರಿ ಒಂದು ತಿಂಗಳು ತಡವಾದರೆ ನಮ್ಮದೇನೂ ಮುಳುಗಲ್ಲ.

ನಾವು ಮರೆತರೆ ನೀವೇ ನೆನಪಿಸಿ. ಮೈಕ್ ಹಿಡಿದು ಬಂದವನು ನಾನೇ ಆದರೂ ಸರಿ, ‘ಒಂದ್ನಿಮಿಷ ಇರಪ್ಪಾ, ಇನ್ನೂ ಅರ್ಜಿ ಹಾಕಿಲ್ಲ’ ಅಂತ ಬಾಗಿಲಲ್ಲೇ ನಿಲ್ಲಿಸಿ. ಕಾಫಿ ಮಾತ್ರ ಕೊಡಿ.