ಗಂಧಕದ ಜಾಗದಲ್ಲಿ ಕೂತ ಸೆಲೆನಿಯಂ

ಸೆಲೆನೊಮೆಥಿಯೊನೈನ್ ಒಂದು ಅಮೈನೊ ಆಮ್ಲ. ಹಾಲು, ಮೊಟ್ಟೆ, ಕಾಳುಗಳಲ್ಲಿರುವ ಮೆಥಿಯೊನೈನ್‌ನಲ್ಲಿ ಗಂಧಕದ ಪರಮಾಣು ಇರುವ ಕಡೆ ಇದರಲ್ಲಿ ಸೆಲೆನಿಯಂ ಕೂತಿದೆ, ಉಳಿದದ್ದೆಲ್ಲ ಅದೇ. ಸ್ವೀಡನ್ನಿನ ಬರ್ಜೀಲಿಯಸ್ 1817ರಲ್ಲಿ ಸೆಲೆನಿಯಂ ಕಂಡುಹಿಡಿದದ್ದು ಕೂಡ ಗಂಧಕಾಮ್ಲದ ಕಾರ್ಖಾನೆಯ ಗಸಿಯಲ್ಲೇ.

ಗೋಧಿಯ ಬೇರು ಸಲ್ಫೇಟ್ ಹೀರುವ ದಾರಿಯಲ್ಲೇ ಸೆಲೆನೇಟ್ ಕೂಡ ಒಳಗೆ ಬರುತ್ತದೆ. ಗಿಡಕ್ಕೆ ಎರಡರ ಗುರುತು ಸರಿಯಾಗಿ ಹತ್ತುವುದಿಲ್ಲ. ಗಂಧಕಕ್ಕೆಂದು ಇರುವ ಕಿಣ್ವಗಳೇ ಸೆಲೆನಿಯಂ ಅನ್ನೂ ಹಿಡಿದು, ಅಮೈನೊ ಆಮ್ಲವಾಗಿಸಿ, ಕಾಳಿನ ಪ್ರೋಟೀನಿಗೆ ಪೋಣಿಸುತ್ತವೆ. ಹಾಗಾಗಿ ತಟ್ಟೆಯ ಚಪಾತಿಯಲ್ಲಿ ಸೆಲೆನಿಯಂ ಎಷ್ಟಿದೆ ಎಂಬುದಕ್ಕೆ ಮುಖ್ಯವಾಗಿ ಆ ಹೊಲದ ಮಣ್ಣನ್ನೇ ಕೇಳಬೇಕು.

ತಿಂದ ಮೇಲೂ ಇದೇ ಕಥೆ. ಮನುಷ್ಯನ ದೇಹ ಸೆಲೆನೊಮೆಥಿಯೊನೈನ್ ಅನ್ನು ತಾನಾಗಿ ತಯಾರಿಸಲಾರದು. ಸಿಕ್ಕಿದ್ದನ್ನು ಮೆಥಿಯೊನೈನ್ ಎಂದೇ ತಿಳಿದು ಸ್ನಾಯುಗಳ ಪ್ರೋಟೀನಿನಲ್ಲಿ ಸೇರಿಸಿಕೊಳ್ಳುತ್ತದೆ. ಹೀಗೆ ಕೂಡಿದ ದಾಸ್ತಾನು ಪ್ರೋಟೀನು ಕರಗಿದಾಗ ಬಿಡುಗಡೆಯಾಗುತ್ತದೆ. ಅದರಿಂದ ಸಿಗುವ ಸೆಲೆನಿಯಂ ಬಳಸಿ ಜೀವಕೋಶ 21ನೇ ಅಮೈನೊ ಆಮ್ಲವೆನಿಸಿದ ಸೆಲೆನೊಸಿಸ್ಟೀನ್ ಕಟ್ಟುತ್ತದೆ. ಇಲ್ಲಿ ಮಾತ್ರ ಯಾವ ಗೊಂದಲವೂ ಇಲ್ಲ. ಯುಜಿಎ ಎಂಬ ಸಂಕೇತ ಸಾಮಾನ್ಯವಾಗಿ ಪ್ರೋಟೀನು ಮುಗಿಯಿತೆಂದು ಸಾರುತ್ತದೆ. ಆರ್‌ಎನ್‌ಎ ಎಳೆಯಲ್ಲಿ ಒಂದು ವಿಶೇಷ ಮಡಿಕೆಯಿದ್ದರೆ ಅದೇ ಸಂಕೇತಕ್ಕೆ ಸೆಲೆನೊಸಿಸ್ಟೀನ್ ಬಂದು ಕೂರುತ್ತದೆ. ಜೀವಲೋಕದ ಅತಿ ಸೊಗಸಾದ ಏರ್ಪಾಡುಗಳಲ್ಲಿ ಇದೊಂದು. ಮನುಷ್ಯನಲ್ಲಿ ಇಂಥ ಪ್ರೋಟೀನುಗಳ ಜೀನುಗಳು 25. ಪೆರಾಕ್ಸೈಡ್‌ಗಳನ್ನು ಇಲ್ಲವಾಗಿಸುವ ಗ್ಲುಟಥಿಯೋನ್ ಪೆರಾಕ್ಸಿಡೇಸ್, ಥೈರಾಯ್ಡ್ ಹಾರ್ಮೋನನ್ನು ಚುರುಕುಗೊಳಿಸುವ ಕಿಣ್ವ, ಎರಡೂ ಈ ಗುಂಪಿನವು. ಇವುಗಳ ಕೆಲಸವನ್ನು ಅನುಕರಿಸುವ ಸಂಯುಕ್ತಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಅವರ ತಂಡ ರೂಪಿಸಿದೆ.

ಮಣ್ಣಿನಲ್ಲಿ ಸೆಲೆನಿಯಂ ತೀರ ಕಡಿಮೆಯಿದ್ದ ಚೀನಾದ ಕೆಶಾನ್ ಸೀಮೆಯಲ್ಲಿ ಮಕ್ಕಳ, ಹೆಂಗಸರ ಹೃದಯದ ಸ್ನಾಯು ಸೋತು ಸಾವುಗಳಾದವು. ಆ ಕಾಯಿಲೆಗೆ ಊರಿನ ಹೆಸರೇ ಅಂಟಿತು. ಫಿನ್ಲೆಂಡ್ 1980ರ ದಶಕದಿಂದ ರಸಗೊಬ್ಬರಕ್ಕೇ ಸೆಲೆನಿಯಂ ಬೆರೆಸುತ್ತಿದೆ. ಪಂಜಾಬಿನ ನವಾನ್‌ಶಹರ್, ಹೋಶಿಯಾರ್‌ಪುರದ ಕೆಲವು ಹಳ್ಳಿಗಳದ್ದು ತದ್ವಿರುದ್ಧ ಸಂಕಟ: ಅಲ್ಲಿನ ಮಣ್ಣಿನಲ್ಲಿ ಅದು ವಿಪರೀತ. ಆ ಮೇವು ತಿಂದ ಎಮ್ಮೆಗಳ ಗೊರಸು ಸೀಳಿ ಕಳಚುತ್ತದೆ, ಜನರ ಉಗುರು, ಕೂದಲು ಉದುರುತ್ತವೆ.

ಸಾಕು ಎನ್ನುವುದಕ್ಕೂ ವಿಷ ಎನ್ನುವುದಕ್ಕೂ ನಡುವಿನ ಅಂತರ ಅಷ್ಟು ಕಿರಿದು. ಅಮೆರಿಕದ ಮಾನದಂಡದಂತೆ ವಯಸ್ಕರಿಗೆ ದಿನಕ್ಕೆ 55 ಮೈಕ್ರೊಗ್ರಾಂ ಸಾಕು, 400 ದಾಟಬಾರದು. ಕೆಲವೇ ಬ್ರೆಜಿಲ್ ಕಾಯಿ ತಿಂದರೂ ಆ ಮಿತಿ ಮೀರಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದೆಂಬ ನಿರೀಕ್ಷೆಯಲ್ಲಿ 35,000ಕ್ಕೂ ಹೆಚ್ಚು ಗಂಡಸರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಸೆಲೆನಿಯಂ ಗುಂಪಿನವರಿಗೆ ನಿತ್ಯ 200 ಮೈಕ್ರೊಗ್ರಾಂ ಸಿಗುವಂತೆ ಸೆಲೆನೊಮೆಥಿಯೊನೈನ್ ಕೊಡಲಾಯಿತು. ಫಲ ಕಾಣದೆ 2008ರಲ್ಲಿ ಅದನ್ನು ನಿಲ್ಲಿಸಲಾಯಿತು. ಅವರಲ್ಲಿ ಹೆಚ್ಚಿನವರ ಮೈಯಲ್ಲಿ ಸೆಲೆನಿಯಂ ಮೊದಲೇ ಬೇಕಾದಷ್ಟಿತ್ತು.