ನರ್ಸಮ್ಮನ ಮೊದಲ ಸಂದರ್ಶನ

ಮಕ್ಕಳೇ, ಇವತ್ತು ಊಟಕ್ಕೆ ಕುಳಿತಾಗ ನಿಮ್ಮ ಅಜ್ಜಿಯನ್ನು ಒಂದು ಮಾತು ಕೇಳಿ: "ಅಜ್ಜಿ, ನೀನು ಹುಟ್ಟಿದ್ದು ಎಲ್ಲಿ?" ಆಸ್ಪತ್ರೆಯ ಹೆಸರು ಹೇಳುವ ಅಜ್ಜಿಯರು ಕಡಿಮೆ. ಮನೆಯ ಕತ್ತಲೆ ಕೋಣೆ, ಬಿಸಿನೀರಿನ ಹಂಡೆ, ನಡುರಾತ್ರಿ ಕಂದೀಲು ಹಿಡಿದು ಕರೆತಂದ ಸೂಲಗಿತ್ತಿ, ಹೀಗೆ ಕತೆ ಶುರುವಾಗುತ್ತದೆ. ಸೂಲು ಎಂದರೆ ಹೆರಿಗೆ. ಹೆರಿಗೆ ಮಾಡಿಸುವವಳು ಸೂಲಗಿತ್ತಿ. ಈಗ ಕಾಲ ಬದಲಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಈ ಕೆಲಸ ಕಲಿತದ್ದು ತಮ್ಮ ಅಜ್ಜಿಯಿಂದ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ದುಡ್ಡು ಕೇಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ ಅರ್ಜಿಯೂ ಇರಲಿಲ್ಲ, ಸಂದರ್ಶನವೂ ಇರಲಿಲ್ಲ. ಯಾರದೋ ಮನೆಯಲ್ಲಿ ನೋವು ಶುರುವಾಯಿತೆಂದರೆ ಅದೇ ಕರೆ.

ಇಂದಿನ ಹುಡುಗಿಯ ದಾರಿ ಬೇರೆ. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಂಥ ಊರಿನ ಒಬ್ಬ ಅಕ್ಕನನ್ನು ನೆನೆಸಿಕೊಳ್ಳಿ. ಪಿಯುಸಿ ಮುಗಿಸಿ, ಎರಡು ವರ್ಷದ ಎ.ಎನ್.ಎಂ. ತರಬೇತಿ ಪಡೆದು, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದ್ದಾಳೆ. ಎ.ಎನ್.ಎಂ. ಎಂದರೆ ನರ್ಸ್ ಕೆಲಸವನ್ನೂ ಹೆರಿಗೆ ಕೆಲಸವನ್ನೂ ಕಲಿತವಳು. ನಮ್ಮ ದೇಶದಲ್ಲಿ ಈ ತರಬೇತಿ ಮೊದಲಾದದ್ದು 1951ರಲ್ಲಿ, ಪಂಜಾಬಿನ ತರನ್ ತಾರನ್‌ನಲ್ಲಿ. ಹಳ್ಳಿಯವರು ಈಕೆಯನ್ನು ಕರೆಯುವುದು ಮಾತ್ರ "ನರ್ಸಮ್ಮ" ಅಂತ.

ಗುತ್ತಿಗೆ ಹುದ್ದೆಗಳಿಗೆ ಜಿಲ್ಲಾ ಮಟ್ಟದಲ್ಲಿ ನೇರ ಸಂದರ್ಶನ ಕರೆಯುವುದುಂಟು. ಹಾಗಾಗಿ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಹೊರಡಬೇಕು. ಕೈಯಲ್ಲಿ ಫೈಲು, ಅದರಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಜಾತಿ ಪ್ರಮಾಣಪತ್ರದವರೆಗೆ ಎಲ್ಲವೂ, ಎರಡೆರಡು ಜೆರಾಕ್ಸ್ ಸಮೇತ. (ಮೂಲ ಪ್ರತಿಯನ್ನು ಮನೆಯಲ್ಲೇ ಮರೆತು ಬರುವವರು ಪ್ರತಿ ಸಂದರ್ಶನದಲ್ಲೂ ಒಬ್ಬರಾದರೂ ಇರುತ್ತಾರೆ!)

ಒಳಗೆ ಏನು ಕೇಳಬಹುದು? ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ನಿಮಿಷಕ್ಕೆ ಎಷ್ಟಿರಬೇಕು? 110ರಿಂದ 160. ನಿಮ್ಮ ಎದೆಯ ಮೇಲೆ ಕೈಯಿಟ್ಟು ಎಣಿಸಿ ನೋಡಿ, ಅಷ್ಟು ವೇಗ ಸಿಗಲಿಕ್ಕಿಲ್ಲ. ಅದನ್ನು ಕೇಳಲು ಪುಟ್ಟ ಕಹಳೆಯಂಥ ಒಂದು ಸಾಧನವಿದೆ. ಫ್ರಾನ್ಸಿನ ವೈದ್ಯ ಪಿನಾರ್ಡ್ 1895ರಲ್ಲಿ ಮಾಡಿದ್ದು. ಅದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಅಗಲವಾದ ಬಾಯಿಯನ್ನು ತಾಯಿಯ ಹೊಟ್ಟೆಯ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಕೊಟ್ಟರಾಯಿತು.

ಹುಟ್ಟಿದ ಮಗುವಿಗೂ ಒಂದು ಪರೀಕ್ಷೆ ಇದೆ, ಗೊತ್ತೇ? ಅಮೆರಿಕದ ವೈದ್ಯೆ ವರ್ಜೀನಿಯಾ ಅಪ್ಗಾರ್ 1952ರಲ್ಲಿ ಇದನ್ನು ರೂಪಿಸಿದರು. ಮಗು ಹುಟ್ಟಿ ಒಂದು ನಿಮಿಷವಾದಾಗ ಒಮ್ಮೆ, ಐದು ನಿಮಿಷವಾದಾಗ ಮತ್ತೊಮ್ಮೆ ಮೈಬಣ್ಣ, ಎದೆಬಡಿತ, ಕೈಕಾಲಿನ ಬಿಗಿ, ಉಸಿರಾಟ, ಮುಟ್ಟಿದರೆ ಮುಖ ಕಿವುಚುತ್ತದೆಯೇ ಎಂದು ನೋಡಿ ಅಂಕ ಹಾಕುತ್ತಾರೆ. ಒಟ್ಟು 10 ಅಂಕ. ನಿಮ್ಮ ಜೀವನದ ಮೊದಲ ಅಂಕಪಟ್ಟಿ ಅದೇ!

ಇನ್ನೊಂದು ಪ್ರಶ್ನೆಗೆ ಮಾತ್ರ ತಡವರಿಸುವಂತಿಲ್ಲ. ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ ಏನು ಮಾಡುತ್ತೀಯಮ್ಮ? ಬಾಣಂತಿಯರ ಸಾವಿಗೆ ದೊಡ್ಡ ಕಾರಣ ಇದು. ಅದಕ್ಕೇ ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಬೇಕು. ಗರ್ಭಕೋಶ ಬಿಗಿದು ರಕ್ತ ಹಿಡಿತಕ್ಕೆ ಬರುತ್ತದೆ. ಹರಿಯುತ್ತಲೇ ಇದ್ದರೆ ತಡಮಾಡದೆ 108ಕ್ಕೆ ಕರೆ ಹೋಗಬೇಕು, ಆಂಬುಲೆನ್ಸ್ ಬರುವವರೆಗೆ ಕೈ ಕೆಲಸ ನಿಲ್ಲಬಾರದು. ಕರ್ನಾಟಕದಲ್ಲಿ 2001-03ರ ಹೊತ್ತಿಗೆ ಪ್ರತಿ ಒಂದು ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಆ 69 ಕೂಡ ಯಾರದೋ ಮನೆಯ ಮಗಳೇ.

ಸಂದರ್ಶನ ಚೆನ್ನಾಗಿಯೇ ಆಯಿತೆನ್ನಿ. ಆದರೆ ಖಾಲಿ ಇರುವ ಜಾಗ ಜಗಳೂರು ತಾಲ್ಲೂಕಿನ ಒಂದು ಉಪಕೇಂದ್ರ! ಮನೆಯಲ್ಲಿ ನಿಜವಾದ ಚರ್ಚೆ ಶುರುವಾಗುವುದು ಈಗ. "ಒಬ್ಬಳೇ ಹೆಣ್ಣುಮಗಳು ಅಲ್ಲಿ ಹ್ಯಾಗಿರ್ತಾಳೆ?" ಎನ್ನುತ್ತಾರೆ ಅಜ್ಜ. "ಇಲ್ಲೇ ಯಾವುದಾದರೂ ನರ್ಸಿಂಗ್ ಹೋಮ್ ನೋಡಿಕೊಂಡರಾಯಿತು" ಎನ್ನುತ್ತಾರೆ ಅಪ್ಪ.

ಜಿಲ್ಲೆ ಒಂದೇ, ಸೀಮೆ ಬೇರೆ. ಈ ಕಡೆ ಸೂಳೆಕೆರೆ ಎಂದು ಹಿರಿಯರು ಕರೆಯುವ ಶಾಂತಿಸಾಗರದ ನೀರು, ಅಡಿಕೆ ತೋಟ, ಗದ್ದೆ. ಜಗಳೂರಿನ ಕಡೆ ಬಯಲು, ಮಳೆ ನಂಬಿದ ಹೊಲ. ಹೊನ್ನಾಳಿಗೆ ಹೋದರೆ ತುಂಗಭದ್ರೆಯ ದಂಡೆ. ನ್ಯಾಮತಿಯಲ್ಲಿ ಕೆಲಸ ಸಿಕ್ಕಿದ್ದರೆ ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಹತ್ತಿರ. ಆದರೆ ತಾಂಡಾದ ಬಸುರಿಯ ನೋವನ್ನು ಅವಳ ಮಾತಿನಲ್ಲೇ ಕೇಳಬೇಕೆಂದರೆ ಲಂಬಾಣಿ ಕಲಿಯಬೇಕು. ನೋವಿನಲ್ಲಿರುವವರು ಪಠ್ಯಪುಸ್ತಕದ ಕನ್ನಡ ಮಾತಾಡುವುದಿಲ್ಲ.

ಉಪಕೇಂದ್ರದ ಕೆಲಸವೂ ಬರೀ ಹೆರಿಗೆಯಲ್ಲ. ಬಯಲು ಸೀಮೆಯಲ್ಲಿ ಸುಮಾರು ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ ಎಂಬುದು ಲೆಕ್ಕ. ಬಸುರಿಯರ ತೂಕ, ರಕ್ತದೊತ್ತಡ, ತಾಯಿ ಕಾರ್ಡ್, ಮಕ್ಕಳಿಗೆ ಲಸಿಕೆ, ಬಾಣಂತಿಯ ಮನೆಭೇಟಿ ಎಲ್ಲ ಅವಳದೇ. ಹೆರಿಗೆಗಳು ಹೆಚ್ಚಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಆಗುತ್ತವೆ. ಯಾರನ್ನು ಯಾವ ಹೊತ್ತಿಗೆ ಅಲ್ಲಿಗೆ ಕಳಿಸಬೇಕು ಎಂದು ಗುರುತಿಸುವ ಕಣ್ಣು ಮಾತ್ರ ಇವಳದು. ಇಂಥ ಕೆಲಸಕ್ಕೆ ದೂರದ ಊರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವುದು ಆಗದ ಮಾತು. ಸಂಜೆ ಆರರ ಮೇಲೆ ಜ್ವರ ಬರಬಾರದು, ನೋವು ಬರಬಾರದು ಎಂದು ಊರಿಗೆ ಹೇಳಲಾದೀತೇ?

ಹಾಗೆಂದು ಕಣ್ಣು ಮುಚ್ಚಿ ಒಪ್ಪಿಕೊಳ್ಳಬೇಕಿಲ್ಲ. ಇರಲು ವಸತಿಗೃಹ ಇದೆಯೇ, ಅದರ ಬಾಗಿಲಿಗೆ ಸರಿಯಾದ ಚಿಲಕವಿದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ? ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಅದು ಎಲ್ಲಿಂದ ಬರುತ್ತದೆ? ಆ ಊರಿನ ಆಶಾ ಕಾರ್ಯಕರ್ತೆ ಯಾರು? ಒಪ್ಪಿಗೆ ಹೇಳುವ ಮೊದಲು ಒಂದು ಭಾನುವಾರ ಮನೆಯವರೆಲ್ಲ ಹೋಗಿ ಆ ಊರು ನೋಡಿ ಬರುವುದು ಒಳ್ಳೆಯದು. ಆಶಾ ಕಾರ್ಯಕರ್ತೆಯ ಮನೆಯಲ್ಲಿ ಒಂದು ಲೋಟ ಚಹಾ ಕುಡಿದರೆ ಕಾಗದದಲ್ಲಿ ಸಿಗದ ಎಷ್ಟೋ ಸಂಗತಿ ತಿಳಿಯುತ್ತದೆ. ಗುತ್ತಿಗೆ ಕೆಲಸವಾದರೆ ಅವಧಿ ಎಷ್ಟು, ಸಂಬಳ ಯಾವ ತಾರೀಖಿಗೆ ಎಂದು ಕೇಳುವುದರಲ್ಲಿ ನಾಚಿಕೆಯೂ ಇಲ್ಲ.

ಅಜ್ಜ-ಅಜ್ಜಿಯರಿಗೆ ಇಲ್ಲಿ ಒಂದು ಕೆಲಸವಿದೆ. ಹೊಸ ಊರಿಗೆ ಹೋದ ಮೊಮ್ಮಗಳ ಜೊತೆ ಮೊದಲ ತಿಂಗಳು ಅಜ್ಜಿ ಹೋಗಿ ಇದ್ದರೆ ಸಾಕು. ಮೊಮ್ಮಗಳು ಮನೆಭೇಟಿಗೆ ಹೋದಾಗ ಅಜ್ಜಿ ಕಟ್ಟೆಯ ಮೇಲೆ ಕುಳಿತು ಅಕ್ಕಪಕ್ಕದ ಹೆಂಗಸರನ್ನು ಮಾತಾಡಿಸುತ್ತಾಳೆ. ಯಾರ ಸೊಸೆಗೆ ಎಷ್ಟು ತಿಂಗಳು, ಯಾರು ಮಾತ್ರೆ ನುಂಗದೆ ಹಿತ್ತಲಿಗೆ ಎಸೆಯುತ್ತಾರೆ ಎಂಬುದೆಲ್ಲ ವಾರದೊಳಗೆ ಗೊತ್ತಾಗುತ್ತದೆ. ಆಮೇಲೆ ಆ ಮನೆಗಳ ಬಾಗಿಲು ನರ್ಸಮ್ಮನಿಗೆ ಸುಲಭವಾಗಿ ತೆರೆಯುತ್ತದೆ.