ಪಾದರಸದ ನಳಿಕೆಯಿಂದ ಚಿನ್ನದ ತೆಳುಪದರಕ್ಕೆ: ಹಿಗ್ಗುವ ಸ್ಟ್ರೈನ್ ಸಂವೇದಕಗಳು

ಕೈಕಾಲುಗಳ ರಕ್ತಪರಿಚಲನೆಯನ್ನು ಅಳೆಯಲು ವೈದ್ಯವಿಜ್ಞಾನದಲ್ಲಿ ಒಂದು ಸರಳ ವಿಧಾನವಿದೆ. ಅಂಗದ ಮೇಲ್ಭಾಗಕ್ಕೆ ಗಾಳಿಪಟ್ಟಿ ಕಟ್ಟಿ ಅಭಿಧಮನಿಗಳನ್ನು ಮಾತ್ರ ಅಲ್ಪಕಾಲ ತಡೆದರೆ, ಒಳಬಂದ ರಕ್ತ ಹೊರಹೋಗಲಾರದೆ ಅಂಗವು ತುಸು ಉಬ್ಬುತ್ತದೆ. ಆ ಉಬ್ಬುವಿಕೆಯ ವೇಗವೇ ರಕ್ತದ ಹರಿವಿನ ಅಳತೆ. ಇದಕ್ಕಾಗಿ ಆರ್. ಜೆ. ವಿಟ್ನಿ ಅವರು ಪಾದರಸ ತುಂಬಿದ ರಬ್ಬರ್ ನಳಿಕೆಯನ್ನು ಅಂಗದ ಸುತ್ತ ಕಟ್ಟುವ ಕ್ರಮವನ್ನು 1953ರಲ್ಲಿ ವಿವರಿಸಿದರು. ನಳಿಕೆ ಹಿಗ್ಗಿದಾಗ ಪಾದರಸದ ಎಳೆ ಉದ್ದವಾಗುವುದರ ಜೊತೆಗೆ ತೆಳುವೂ ಆಗುವುದರಿಂದ, ಅದರ ವಿದ್ಯುತ್ ರೋಧವು ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂಗದ ಅಡ್ಡಕೊಯ್ತದ ವಿಸ್ತೀರ್ಣವೂ ಸುತ್ತಳತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಆದಕಾರಣ ರೋಧವು ಶೇಕಡ 1ರಷ್ಟು ಏರಿದರೆ ಅಂಗದ ಗಾತ್ರವೂ ಸರಿಸುಮಾರು ಶೇಕಡ 1ರಷ್ಟು ಏರಿದೆಯೆಂದೇ ಅರ್ಥ.

ಆದರೆ ಪಾದರಸ ವಿಷವಸ್ತು. ಮಿನಮಾಟ ಒಪ್ಪಂದದ ಸದಸ್ಯರಾಷ್ಟ್ರಗಳು ಇಂತಹ ಸಂವೇದಕಗಳ ತಯಾರಿಕೆ, ಆಮದು ಮತ್ತು ರಫ್ತನ್ನು 2025ರ ಬಳಿಕ ನಿಲ್ಲಿಸಲು 2022ರಲ್ಲಿ ನಿರ್ಧರಿಸಿದವು. ಅದರ ಸ್ಥಾನವನ್ನು ತುಂಬಬಲ್ಲ ವಸ್ತುಗಳಲ್ಲಿ ಹಿಗ್ಗುವ ತೆಳುಪದರಗಳೂ ಸೇರಿವೆ.

ಆಧಾರವಿಲ್ಲದ ತೆಳು ಲೋಹಪದರವು ಸಾಮಾನ್ಯವಾಗಿ ಶೇಕಡ 1ರಿಂದ 2ರಷ್ಟು ಎಳೆತಕ್ಕೇ ಹರಿದುಹೋಗುತ್ತದೆ. ಕೀಲುಗಳ ಮೇಲಿನ ಚರ್ಮವಾದರೋ ಶೇಕಡ 30ಕ್ಕೂ ಮೀರಿ ಹಿಗ್ಗಬಲ್ಲದು. 2003ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಟೆಫಾನಿ ಲಾಕೂರ್, ಸಿಗುರ್ಡ್ ವ್ಯಾಗ್ನರ್ ಮತ್ತು ಸಂಗಡಿಗರು, ಸಿಲಿಕೋನ್ ರಬ್ಬರಿನ ಮೇಲೆ ಲೇಪಿಸಿದ ಚಿನ್ನದ ಪದರವು ಶೇಕಡ 20ಕ್ಕೂ ಹೆಚ್ಚು ಹಿಗ್ಗಿದಾಗಲೂ ವಿದ್ಯುತ್ತನ್ನು ಹರಿಯಗೊಡುತ್ತದೆಂದು ತೋರಿಸಿದರು. ಇದರ ಮರ್ಮವಿರುವುದು ಪದರದಲ್ಲಿ ಹರಡಿದ ಸೂಕ್ಷ್ಮ ಬಿರುಕುಗಳಲ್ಲಿ. ಬಿರುಕುಗಳು ಒಂದನ್ನೊಂದು ಕೂಡದಿರುವವರೆಗೆ ಅವುಗಳ ನಡುವಿನ ಚಿನ್ನದ ಪಟ್ಟಿಗಳು ಬಾಗಿ, ತಿರುಚಿ, ಎಳೆತವನ್ನು ತಾಳಿಕೊಳ್ಳುತ್ತವೆ. ಬಿರುಕುಗಳು ಅಗಲವಾದಂತೆ ರೋಧ ಏರುತ್ತದೆ. ಆ ಏರಿಕೆಯೇ ಸಂವೇದಕದ ಸಂಕೇತ.

ಸಾಧನವನ್ನು ಸಾಧ್ಯವಾಗಿಸಿದ ಈ ಬಿರುಕುಗಳೇ ಅದರ ದೌರ್ಬಲ್ಯವೂ ಹೌದು. ಪಾದರಸದ ಎಳೆಗೆ ರೇಖಾಗಣಿತವೇ ನಿಯಮ. ಬಿರುಕುಬಿಟ್ಟ ಪದರಕ್ಕೆ ಅಂತಹ ಸರಳ ಸೂತ್ರವಿಲ್ಲ. ಪ್ರತಿಯೊಂದು ಸಂವೇದಕವನ್ನೂ ಪ್ರತ್ಯೇಕವಾಗಿ ಅಳತೆಗೆ ಹೊಂದಿಸಬೇಕು. ರಬ್ಬರು ಎಳೆತದಿಂದ ಮರಳುವಾಗ ತಡವರಿಸುವುದರಿಂದ, ಒಂದೇ ಉದ್ದಕ್ಕೆ ಹೋಗುವಾಗ ಒಂದು, ಬರುವಾಗ ಇನ್ನೊಂದು ಬೆಲೆ ದೊರೆಯಬಹುದು. ಉಷ್ಣತೆಯೂ ಅಡ್ಡಬರುತ್ತದೆ: ಶುದ್ಧ ಚಿನ್ನದ ರೋಧವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.3ರಷ್ಟು ಏರಿದರೆ, ಪಾದರಸದ್ದು ಶೇಕಡ 0.1ರಷ್ಟೂ ಏರದು. ಅಳೆಯಬೇಕಾದ ಗಾತ್ರವ್ಯತ್ಯಾಸವೇ ಕೆಲವು ಶೇಕಡ ಮಾತ್ರವಿರುವಾಗ, ಚರ್ಮ ಬೆಚ್ಚಗಾದುದನ್ನು ರಕ್ತ ಹೆಚ್ಚಿದುದೆಂದು ತಪ್ಪು ತಿಳಿಯುವ ಅಪಾಯವಿದೆ.

ಆದುದರಿಂದ ಎಷ್ಟು ಹಿಗ್ಗಬಲ್ಲದೆಂಬುದೊಂದೇ ಇಂತಹ ಸಂವೇದಕದ ಯೋಗ್ಯತೆಯ ಮಾನದಂಡವಾಗಲಾರದು. ಹಿಗ್ಗಿ ಮರಳಿದ ಮೇಲೆ ಅದು ಮೊದಲಿನ ಬೆಲೆಗೇ ಬಂದು ನಿಲ್ಲುವುದೇ ಎಂಬುದನ್ನು ಅವಲಂಬಿಸಿ ರೋಗಿಯ ಬಗೆಗಿನ ನಿರ್ಣಯದ ನಂಬಿಕೆ ನಿಲ್ಲುತ್ತದೆ.